ಚಾಪೆಲ್ ಹಿಲ್ಲಾ ಸ್ಟೇಟಾ? ಹೊಸದಾಗಿ ಬಂದಿರೋ ಮನೆಯವರಿಗೆ ಸಂಘದ ಕಡೆಯಿಂದ ನಾಲ್ಕು ಮಾತು

ನಾರ್ತ್ ಕ್ಯಾರೊಲೈನಾದ ರಾಲಿ ಸುತ್ತಮುತ್ತ, ಕೇರಿಗೋ (ಹೌದು, ಊರಿನ ಹೆಸರೇ ಕೇರಿ, ಅರ್ಧ ಕನ್ನಡ ಆಗ್ಲೇ ಬಂತು) ಮಾರಿಸ್‌ವಿಲ್‌ಗೋ ಹೊಸದಾಗಿ ಬಂದು ಇಳಿದೋರು ನಮ್ಮನ್ನ ಮೊದಲು ಕೇಳೋದು ಮೂರೇ ವಿಷಯ. ಸೋನಾ ಮಸೂರಿ ಎಲ್ಲಿ ಸಿಗತ್ತೆ, ಮಕ್ಕಳ ಡಾಕ್ಟರ್ ಯಾರು ಒಳ್ಳೇವ್ರು, ಯಾವ ಸ್ಕೂಲಿನ ಏರಿಯಾದಲ್ಲಿ ಮನೆ ಹಿಡೀಬೇಕು. ಒಂದು ಗಣಪತಿ, ಒಂದು ಉಗಾದಿ ಊಟ ಆಗೋ ಅಷ್ಟರಲ್ಲಿ ನಾಲ್ಕನೇದು ಬಂದೇ ಬರತ್ತೆ, ಇಲ್ಲಿನ ಎರಡು ಸರ್ಕಾರಿ ಯುನಿವರ್ಸಿಟೀಲಿ ಚಾಪೆಲ್ ಹಿಲ್ ಮೇಲಾ ಸ್ಟೇಟ್ ಮೇಲಾ ಅಂತ. ಮಗು ನೋಡಿದ್ರೆ ಇನ್ನೂ ಮೂರನೇ ಕ್ಲಾಸು. ಬೆಂಗಳೂರಲ್ಲಿ ಆರ್‌ವಿನಾ ಪಿಇಎಸ್ಸಾ ಅಂತ ತಲೆ ಕೆಡಿಸ್ಕೊಂಡಿದ್ದ ನಾವೇ ತಾನೇ, ಸಮುದ್ರ ದಾಟಿದ್ರೆ ಚಾಳಿ ಹೋಗತ್ತಾ. ಈ ಜಗಳ ನಮ್ಮೋರು ಹುಟ್ಟುಹಾಕಿದ್ದಲ್ಲ, ನಾವು ಬರೋಕೆ ನೂರು ವರ್ಷ ಮುಂಚೆಯಿಂದ ಇಲ್ಲಿನೋರೇ ಹೊಡೆದಾಡ್ಕೊಂಡು ಬಂದಿದಾರೆ, ಅದರ ಹಿಂದುಮುಂದು ತಿಳ್ಕೊಂಡ್ರೆ ಹಬ್ಬದ ಊಟದಲ್ಲಿ ಯಾರೇನಂದ್ರೂ ನಿಮ್ಮ ಬಿಪಿ ಏರಲ್ಲ ಅಂತ ಇದನ್ನ ಬರೀತಿದೀನಿ.

ಮೊದಲು ಹೆಸರು. ಇಲ್ಲಿ ಬರೀ "ಕ್ಯಾರೊಲೈನಾ" ಅಂದ್ರೆ ಚಾಪೆಲ್ ಹಿಲ್‌ನಲ್ಲಿರೋ ಯುಎನ್‌ಸಿ, ಅಂದ್ರೆ ಯುನಿವರ್ಸಿಟಿ ಆಫ್ ನಾರ್ತ್ ಕ್ಯಾರೊಲೈನಾ. ಬರೀ "ಸ್ಟೇಟ್" ಅಂದ್ರೆ ರಾಲಿಯ ಎನ್‌ಸಿ ಸ್ಟೇಟ್, ನಾರ್ತ್ ಕ್ಯಾರೊಲೈನಾ ಸ್ಟೇಟ್ ಯುನಿವರ್ಸಿಟಿ. ಗಡಿ ದಾಟಿ ಸೌತ್ ಕ್ಯಾರೊಲೈನಾಗೆ ಹೋಗಿ "ಕ್ಯಾರೊಲೈನಾ" ಅಂದ್ರೆ ಅವ್ರು ಕೊಲಂಬಿಯಾದಲ್ಲಿರೋ ಅವರ ಯುನಿವರ್ಸಿಟಿ ಅನ್ಕೋತಾರೆ, ವಾದ ಮಾಡ್ಬೇಡಿ. ಡ್ಯೂಕ್ ಪ್ರೈವೇಟು, ಅದರ ಫೀಸೇ ಬೇರೆ ಲೋಕ, ಇವತ್ತು ಅದನ್ನ ಬಿಟ್ಟುಬಿಡೋಣ. ಬಣ್ಣಾನೂ ಗೊತ್ತಿರ್ಲಿ, ತಿಳಿ ನೀಲಿ ಕ್ಯಾರೊಲೈನಾ, ಕೆಂಪು ಸ್ಟೇಟ್, ಗಾಢ ನೀಲಿ ಡ್ಯೂಕ್. ನಮ್ಮನೆಯವ್ರು ಬಂದ ಹೊಸದ್ರಲ್ಲಿ ಸೇಲ್‌ನಲ್ಲಿ ಸಿಕ್ತು ಅಂತ ತಿಳಿ ನೀಲಿ ಟೀ ಶರ್ಟ್ ತಂದು ಹಾಕ್ಕೊಂಡು ತರಕಾರಿ ತರೋಕೆ ಹೋಗಿದ್ರು, ಎದುರಿಗೆ ಬಂದ ಅಜ್ಜ ಒಬ್ಬರು "ಗೋ ಹೀಲ್ಸ್!" ಅಂದ್ರಂತೆ, ಇವ್ರು ಪಾಪ ಬಗ್ಗಿ ಹಿಮ್ಮಡಿ ನೋಡ್ಕೊಂಡಿದಾರೆ, ಏನೋ ಮೆತ್ಕೊಂಡಿದೆ ಅಂತ. ಚಾಪೆಲ್ ಹಿಲ್‌ನೋರಿಗೆ ಟಾರ್ ಹೀಲ್ಸ್ ಅಂತ ಹೆಸರು ಅನ್ನೋದು ನಮಗೆ ಗೊತ್ತಾಗಿದ್ದೇ ಅವತ್ತು.

ಈಗ ವಯಸ್ಸಿನ ಜಗಳ. ನಾವೇ ದೇಶದ ಮೊದಲ ಸರ್ಕಾರಿ ಯುನಿವರ್ಸಿಟಿ ಅಂತ ಈ ದಕ್ಷಿಣದಲ್ಲಿ ಮೂರು ಜನ ಹೇಳ್ತಾರೆ. ಜಾರ್ಜಿಯಾ ಯುನಿವರ್ಸಿಟಿಗೆ ರಾಜ್ಯದ ಸನ್ನದು ಸಿಕ್ಕಿದ್ದು 1785ರಲ್ಲಿ, ಪಾಠ ಶುರುವಾಗಿದ್ದು 1801ಕ್ಕೆ. ಚಾಪೆಲ್ ಹಿಲ್‌ಗೆ ಸನ್ನದು 1789ರಲ್ಲಿ, ಆದ್ರೆ 1795ಕ್ಕೇ ಬಾಗಿಲು ತೆಗೆದು ಪಾಠ ಶುರು ಮಾಡಿದ್ರು. ಅಂದ್ರೆ ಒಬ್ರು ನಿಶ್ಚಿತಾರ್ಥದ ತಾರೀಖು ಹಿಡ್ಕೊಂಡು ಕೂತಿದಾರೆ, ಇನ್ನೊಬ್ರು ಧಾರೆ ಮುಹೂರ್ತದ್ದು. ಮಧ್ಯದಲ್ಲಿ ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜು ಸೋದರತ್ತೆ ತರ ಬಂದು, ನಾನು 1693ರಿಂದ ಇದೀನಿ ಕಣ್ರೋ ಅನ್ನತ್ತೆ, ಆದ್ರೆ ಅದು ಸರ್ಕಾರದ ಕೈಗೆ ಬಂದಿದ್ದು 1906ರಲ್ಲಿ. ಇನ್ನು ಜೆಫರ್ಸನ್ 1819ರಲ್ಲಿ ಕಟ್ಟಿದ ವರ್ಜೀನಿಯಾ ಯುನಿವರ್ಸಿಟಿ ವಯಸ್ಸಿನ ಮಾತೇ ಎತ್ತಲ್ಲ, ಅವರ ಗತ್ತು ಬೇರೆ ತರ, ಕ್ಯಾಂಪಸ್ ಅನ್ನಲ್ಲ "ಗ್ರೌಂಡ್ಸ್" ಅಂತಾರೆ, ಫ್ರೆಶ್‌ಮನ್ ಅನ್ನಲ್ಲ "ಫಸ್ಟ್ ಇಯರ್" ಅಂತಾರೆ. ಅಮೆರಿಕದ ದೊಡ್ಡ ಸಂಶೋಧನಾ ಯುನಿವರ್ಸಿಟಿಗಳ ಕೂಟ ಒಂದಿದೆ, ಎಎಯು ಅಂತ, ಕರೆದ್ರೆ ಮಾತ್ರ ಒಳಗೆ ಹೋಗಬಹುದು. ವರ್ಜೀನಿಯಾ 1904ರಲ್ಲಿ ಹೋಯ್ತು, ಚಾಪೆಲ್ ಹಿಲ್ 1922ರಲ್ಲಿ, ಟೆಕ್ಸಸ್ 1929ರಲ್ಲಿ, ಫ್ಲೋರಿಡಾ 1985ರಲ್ಲಿ, ಜಾರ್ಜಿಯಾ ಟೆಕ್ 2010ರಲ್ಲಿ. ಅಟ್ಲಾಂಟಾ ಕಡೆ ನಿಮ್ಮ ನೆಂಟರ ಮಗ ಟೆಕ್‌ನಲ್ಲಿದ್ರೆ ಈ ಸುದ್ದಿ ನಿಮಗೆ ಆಗ್ಲೇ ಎರಡು ಸಲ ಕಿವಿಗೆ ಬಿದ್ದಿರತ್ತೆ.

ನಮ್ಮೂರಿನ ಜಗಳಕ್ಕೆ ಬರ್ತೀನಿ. ಸ್ಟೇಟ್ ಶುರುವಾಗಿದ್ದು 1887ರಲ್ಲಿ, ಕೃಷಿ ಮತ್ತು ಮೆಕ್ಯಾನಿಕ್ ಕೆಲಸ ಕಲಿಸೋಕೆ ಅಂತ. ಚಾಪೆಲ್ ಹಿಲ್‌ನೋರು ವಕೀಲ್ರು, ಡಾಕ್ಟ್ರು, ಗವರ್ನರ್ ಆಗೋರು, ರಾಲಿಯೋರು ದನ ಕಾಯೋರು, ಹೀಗೇ ಮಾತು, ಈಗಲೂ ಸ್ಟೇಟ್‌ಗೆ "ಮೂ ಯು" ಅಂತ ಅಡ್ಡಹೆಸರು ಇದೆ. 1931ರಲ್ಲಿ ರಾಜ್ಯ ಸರ್ಕಾರ ಇವೆರಡನ್ನೂ ಗ್ರೀನ್ಸ್‌ಬರೋದ ಹೆಣ್ಮಕ್ಕಳ ಕಾಲೇಜನ್ನೂ ಸೇರಿಸಿ ಒಂದೇ ಆಡಳಿತಕ್ಕೆ ಹಾಕ್ತು, ಆ ಪಾಲು ಪಟ್ಟಿಯಲ್ಲಿ ಇಂಜಿನಿಯರಿಂಗ್ ಎಲ್ಲಾ ಚಾಪೆಲ್ ಹಿಲ್‌ನಿಂದ ಎತ್ತಿ ರಾಲಿಗೆ ಕೊಟ್ರು. ಅದಕ್ಕೇ ನಿಮ್ಮ ಮಗ ಮೆಕ್ಯಾನಿಕಲ್ಲು ಸಿವಿಲ್ಲು ಓದಬೇಕು ಅಂದಾಗ "ರ್‍ಯಾಂಕ್ ಜಾಸ್ತಿ ಇದೆ, ಚಾಪೆಲ್ ಹಿಲ್‌ಗೇ ಹಾಕಿ" ಅಂತ ಯಾರಾದ್ರೂ ಅಂದ್ರೆ ಸುಮ್ನೆ ನಕ್ಕುಬಿಡಿ. ಸರಿಸುಮಾರು ಅದೇ ಕಾಲಕ್ಕೆ ಜಾರ್ಜಿಯಾದಲ್ಲೂ ಇದೇ ತರ ಪಾಲಾಯ್ತು, ಅಥೆನ್ಸ್‌ನಲ್ಲಿರೋ ಜಾರ್ಜಿಯಾ ಯುನಿವರ್ಸಿಟಿಯ ಇಂಜಿನಿಯರಿಂಗ್ ಜಾರ್ಜಿಯಾ ಟೆಕ್‌ಗೆ, ಟೆಕ್‌ನ ಕಾಮರ್ಸು ಅಥೆನ್ಸ್‌ಗೆ, ಆಸ್ತಿ ಪಾಲು ಮಾಡಿದ ಅಣ್ಣತಮ್ಮಂದಿರ ತರ ಇವತ್ತಿಗೂ ಮುಖ ಗಂಟು ಹಾಕ್ಕೊಂಡೇ ಇದಾರೆ.

ಅದಕ್ಕಿಂತ ದೊಡ್ಡ ಗಾಯ 1963ರದ್ದು. ಸ್ಟೇಟ್‌ನ ಹೆಸರು ಬದಲಾಯಿಸಿ "ಯುನಿವರ್ಸಿಟಿ ಆಫ್ ನಾರ್ತ್ ಕ್ಯಾರೊಲೈನಾ"ದ ರಾಲಿ ಶಾಖೆ ತರ ಕಾಣೋ ಒಂದು ಉದ್ದ ಹೆಸರು ತಗಲಿಸಿದ್ರು, ಹಳೇ ವಿದ್ಯಾರ್ಥಿಗಳೆಲ್ಲ ರೊಚ್ಚಿಗೆದ್ದು ಎರಡೇ ವರ್ಷಕ್ಕೆ, 1965ರಲ್ಲಿ, ಅದನ್ನ ತೆಗೆಸಿ ಈಗಿನ ಹೆಸರು ತಂದ್ರು. ನಮ್ಮ ಪಕ್ಕದ ಮನೆ ಅಜ್ಜ ಆ ಕಾಲದೋರು, ಇವತ್ತಿಗೂ ಅವರ ಗರಾಜ್‌ನಲ್ಲಿ ತಿಳಿ ನೀಲಿ ಬಣ್ಣದ ಬಕೆಟ್ ಕೂಡಾ ಇಡಲ್ಲ.

ನಂದೂ ಒಂದು ಹೇಳ್ತೀನಿ. ಮಗಳು ಸ್ಟೇಟ್‌ನಲ್ಲಿ ಟೆಕ್ಸ್‌ಟೈಲ್ ಇಂಜಿನಿಯರಿಂಗ್ ತಗೊಂಡಾಗ ಉಗಾದಿ ಪಾಟ್‌ಲಕ್‌ನಲ್ಲಿ ಒಬ್ರು ಹೋಳಿಗೆ ತಟ್ಟೆ ಕೈಲಿಟ್ಕೊಂಡೇ "ಓ, ಚಾಪೆಲ್ ಹಿಲ್ ಸಿಗ್ಲಿಲ್ವಾ ಪಾಪ" ಅಂದ್ರು. ಸಿಕ್ಕಿತ್ತು, ಬಿಟ್ಟು ಬಂದಿದ್ಲು, ಆದ್ರೆ ಅದನ್ನ ಹೇಳೋಕೆ ಹೋದ್ರೆ ಸಮಜಾಯಿಷಿ ಕೊಟ್ಟಂಗಾಗತ್ತೆ ಅಂತ ಬಾಯಿ ಮುಚ್ಕೊಂಡು ಹೋಳಿಗೆ ತಿಂದೆ. ರಾತ್ರಿ ದಾವಣಗೆರೆಗೆ ಫೋನ್ ಮಾಡಿದಾಗ ನಮ್ಮಪ್ಪ, ಅವರು ಮೂವತ್ತು ವರ್ಷ ಕಾಟನ್ ಮಿಲ್‌ನಲ್ಲಿ ದುಡಿದೋರು, ರ್‍ಯಾಂಕೂ ಕೇಳ್ಲಿಲ್ಲ ಏನೂ ಇಲ್ಲ, "ಕಾಲೇಜಲ್ಲೇ ಲೂಮ್ ಇಟ್ಟಿದಾರೇನಮ್ಮ?" ಅಂದ್ರು. ಇಟ್ಟಿದಾರೆ ಅಜ್ಜ, ಸ್ಪಿನ್ನಿಂಗೂ ಇದೆ ವೀವಿಂಗೂ ಇದೆ ಅಂತ ಅವ್ಳು ವಿಡಿಯೋದಲ್ಲಿ ತೋರಿಸಿದ್ಲು, ಅವರು ನೂಲಿನ ಬಾಬಿನ್ ನೋಡ್ಕೊಂಡು ಹತ್ತು ನಿಮಿಷ ಮಾತೇ ಆಡ್ಲಿಲ್ಲ. ನಾರ್ತ್ ಕ್ಯಾರೊಲೈನಾನೂ ಒಂದು ಕಾಲಕ್ಕೆ ಮಿಲ್‌ಗಳ ರಾಜ್ಯವೇ ಅಲ್ವಾ.

ಹಾಗಂತ ಚಾಪೆಲ್ ಹಿಲ್ ಸುಮ್ನೆ ಹೆಸರಲ್ಲ. ಕಂಪ್ಯೂಟರ್ ಸೈನ್ಸ್‌ಗೇ ಅಂತ ಪ್ರತ್ಯೇಕ ವಿಭಾಗ ದೇಶದಲ್ಲಿ ಬೆರಳೆಣಿಕೆಯಷ್ಟಿದ್ದ ಕಾಲಕ್ಕೆ, 1964ರಲ್ಲಿ, ಐಬಿಎಂ ಬಿಟ್ಟು ಬಂದ ಫ್ರೆಡ್ ಬ್ರೂಕ್ಸ್ ಅಲ್ಲಿ ವಿಭಾಗ ಕಟ್ಟಿದ್ರು. ಚಾಪೆಲ್ ಹಿಲ್, ಸ್ಟೇಟ್, ಡ್ಯೂಕ್, ಈ ಮೂರು ಯುನಿವರ್ಸಿಟಿ ಮಧ್ಯೆ 1959ರಲ್ಲಿ ಕಂಪನಿಗಳು ಲ್ಯಾಬ್‌ಗಳು ಇರೋ ರಿಸರ್ಚ್ ಟ್ರಯಾಂಗಲ್ ಪಾರ್ಕ್ ಹುಟ್ಟದೇ ಇದ್ದಿದ್ರೆ ನಮ್ಮಲ್ಲಿ ಅರ್ಧ ಜನ ಈ ಊರಿಗೇ ಬರ್ತಿರ್ಲಿಲ್ಲ. ಕ್ಲಾಸಿನ ಮೊದಲ ದಿನ ಓಲ್ಡ್ ವೆಲ್ ಅನ್ನೋ ಬಾವಿ ಮಂಟಪದ ನಲ್ಲಿಲಿ ನೀರು ಕುಡಿದ್ರೆ 4.0, ಅಂದ್ರೆ ಪೂರ್ತಿ ಜಿಪಿಎ, ಬರತ್ತೆ ಅಂತ ಹುಡುಗ್ರು ಸಾಲು ನಿಲ್ತಾರೆ, ನಮ್ಮ ಎಸ್‌ಎಸ್‌ಎಲ್‌ಸಿ ಹುಡುಗ್ರು ಗಣೇಶನ ಗುಡಿ ಸುತ್ತಿದಂಗೆ.

ರ್‍ಯಾಂಕಿಂಗ್ ಪಟ್ಟಿ ಪ್ರತಿ ಸೆಪ್ಟೆಂಬರ್‌ನಲ್ಲಿ ಬರತ್ತೆ, ವಾಟ್ಸಾಪ್ ಗ್ರೂಪಿಗೆ ಜ್ವರ ಬರತ್ತೆ. 2023ರಲ್ಲಿ ಯುಎಸ್ ನ್ಯೂಸ್‌ನೋರು ಲೆಕ್ಕದ ವಿಧಾನವನ್ನೇ ಬದಲಾಯಿಸಿದ್ರು, ಕ್ಲಾಸು ಎಷ್ಟು ಚಿಕ್ಕದು, ಹಳೇ ವಿದ್ಯಾರ್ಥಿಗಳು ದುಡ್ಡು ಕೊಡ್ತಾರಾ ಅನ್ನೋದನ್ನೆಲ್ಲ ತೆಗೆದು, ಬಡ ಮನೆ ಮಕ್ಕಳು ಎಷ್ಟು ಜನ ಡಿಗ್ರಿ ಮುಗಿಸ್ತಾರೆ ಅನ್ನೋದಕ್ಕೆ ತೂಕ ಜಾಸ್ತಿ ಮಾಡಿದ್ರು. ಒಂದೇ ರಾತ್ರೀಲಿ ಚಾಪೆಲ್ ಹಿಲ್ 29ರಿಂದ 22ಕ್ಕೆ, ಸ್ಟೇಟ್ 72ರಿಂದ 60ಕ್ಕೆ. ಮೇಷ್ಟ್ರು ಅವರೇ, ಬಿಲ್ಡಿಂಗ್ ಅದೇ, ಬದಲಾಗಿದ್ದು ಕೂಡೋ ಕಳೆಯೋ ಲೆಕ್ಕ. ಫ್ಲೋರಿಡಾದವ್ರಂತೂ 2013ರಲ್ಲಿ ಕಾನೂನನ್ನೇ ಮಾಡಿ, ಇಂತಿಂಥ ಅಂಕಿ ಮುಟ್ಟಿದ ಯುನಿವರ್ಸಿಟಿಗೆ ವಿಶೇಷ ಸ್ಥಾನ ಅಂತ ಕೊಟ್ರು, 2021ರಲ್ಲಿ ಫ್ಲೋರಿಡಾ ಯುನಿವರ್ಸಿಟಿ ಸರ್ಕಾರಿಗಳ ಪಟ್ಟಿಯಲ್ಲಿ ಐದನೇ ಸ್ಥಾನಕ್ಕೆ ಬಂದಾಗ ಗೇನ್ಸ್‌ವಿಲ್‌ನಲ್ಲಿರೋ ನನ್ನ ಓರಗಿತ್ತಿ ಸ್ಕ್ರೀನ್‌ಶಾಟ್ ಕಳ್ಸಿದ್ಲು, ಇನ್ನೂ ಡಿಲೀಟ್ ಮಾಡಿಲ್ಲ.

ನಿಜವಾಗ್ಲೂ ತಲೆ ಕೆಡಿಸ್ಕೋಬೇಕಾಗಿರೋದು ಇಲ್ಲಿಂದ ಮುಂದೆ. ಚಾಪೆಲ್ ಹಿಲ್‌ನಲ್ಲಿ ರಾಜ್ಯದವರಿಗೆ ವರ್ಷಕ್ಕೆ ಟ್ಯೂಷನ್ನು ಫೀಸು ಸೇರಿ ಸುಮಾರು 9 ಸಾವಿರ ಡಾಲರ್, ಹೊರಗಿನವರಿಗೆ 40 ಸಾವಿರದ ಮೇಲೆ. ಸೀಟೂ ಹಾಗೇ, ಹೊರ ರಾಜ್ಯದ ಮಕ್ಕಳು 18 ಪರ್ಸೆಂಟ್ ದಾಟಬಾರದು ಅಂತ 1986ರಲ್ಲೇ ಮಿತಿ ಹಾಕಿದ್ರು. ಅದಕ್ಕೇ ಇಲ್ಲಿಯವರು ಅನ್ನಿಸ್ಕೊಳ್ಳೋದು ರ್‍ಯಾಂಕಿಗಿಂತ ಮುಖ್ಯ. ಅದನ್ನ ನಿರ್ಧಾರ ಮಾಡೋಕೆ ಆರ್‌ಡಿಎಸ್ ಅಂತ ರಾಜ್ಯದ ಆನ್‌ಲೈನ್ ವ್ಯವಸ್ಥೆ ಇದೆ, ಕಾಲೇಜಲ್ಲ ತೀರ್ಮಾನ ಮಾಡೋದು. ಹನ್ನೆರಡು ತಿಂಗಳು ಇಲ್ಲಿ ನೆಲೆ ನಿಂತಿರೋದಕ್ಕೆ ದಾಖಲೆ ಕೇಳ್ತಾರೆ, ಡ್ರೈವಿಂಗ್ ಲೈಸೆನ್ಸು, ಕಾರ್ ರಿಜಿಸ್ಟ್ರೇಷನ್ನು, ಟ್ಯಾಕ್ಸು. ಬಂದ 60 ದಿನದೊಳಗೆ ಲೈಸೆನ್ಸ್ ಮಾಡಿಸ್ಬೇಕು ಅಂತ ಕಾನೂನೇ ಇದೆ, ಹಳೇ ಕ್ಯಾಲಿಫೋರ್ನಿಯಾ ಲೈಸೆನ್ಸ್ ಇನ್ನೂ ಮೂರು ವರ್ಷ ನಡೆಯತ್ತಲ್ಲ ಅಂತ ಕೂರಬೇಡಿ, ಮಗಳು ಹನ್ನೊಂದನೇ ಕ್ಲಾಸಿನಲ್ಲಿರೋವಾಗ ಹಾಗೆ ಕೂತೋರು ಒಬ್ರು ನಮ್ಮಲ್ಲೇ ಇದ್ರು, ಆಮೇಲೆ ಕಾಗದ ಹಿಡ್ಕೊಂಡು ಅಲೆದಿದ್ದು ಅವರಿಗೇ ಗೊತ್ತು.

ಎಚ್-4ನಲ್ಲಿರೋ (ಎಚ್-1ಬಿ ಕೆಲಸದ ವೀಸಾದಲ್ಲಿರೋರ ಮನೆಯವರಿಗೆ ಕೊಡೋ ವೀಸಾ) ಮಕ್ಕಳ ಅಪ್ಪ ಅಮ್ಮ ಇದನ್ನ ಎರಡು ಸಲ ಓದಿ. ವೀಸಾ ಯಾವುದು ಅನ್ನೋದನ್ನೂ ಆರ್‌ಡಿಎಸ್‌ನೋರು ನೋಡ್ತಾರೆ, ಮುಂಚೆನೇ ಕೇಳ್ಕೊಳ್ಳಿ. ಫೆಡರಲ್ ಸಹಾಯಧನ ಎಚ್-4 ಮಕ್ಕಳಿಗೆ ಸಿಗಲ್ಲ. 21 ತುಂಬಿದ ದಿನ ಎಚ್-4 ಮುಗೀತು, ಅಷ್ಟರಲ್ಲಿ ಗ್ರೀನ್ ಕಾರ್ಡ್ ಬರ್ದೇ ಇದ್ರೆ ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಯಿಸ್ಬೇಕು, ಅದು ಬರೋದು ಸರಿಯಾಗಿ ಡಿಗ್ರಿ ಮಧ್ಯದಲ್ಲಿ. ಅಟ್ಲಾಂಟಾದಲ್ಲಿ ಹೋಪ್ ಸ್ಕಾಲರ್‌ಶಿಪ್ ಇದೆ, ಅಲ್ಲಿಗೇ ಹೋಗೋಣ ಅಂತ ಕೆಲವ್ರು ಪ್ಲಾನ್ ಹಾಕ್ತಾರೆ. ಇದೆ, 1993ರಿಂದ ಲಾಟರಿ ದುಡ್ಡಲ್ಲಿ ಕೊಡ್ತಿದಾರೆ, ಚೆನ್ನಾಗಿ ಓದೋ ಮಕ್ಕಳು ರಾಜ್ಯ ಬಿಟ್ಟು ಹೋಗದಂಗೆ ಮಾಡಿ ಅಥೆನ್ಸ್ ಯುನಿವರ್ಸಿಟಿಯ ಮರ್ಯಾದೆ ಏರಿಸಿದ್ದೇ ಅದು. ಆದ್ರೆ ಅದಕ್ಕೆ ಸಿಟಿಜನ್ನೋ ಗ್ರೀನ್ ಕಾರ್ಡೋ ಆ ತರದ ಸ್ಟೇಟಸ್ ಬೇಕು, ಎಚ್-4 ಸಾಲದು.

ಸ್ಟೇಟ್‌ನಲ್ಲಿ ಇಂಜಿನಿಯರಿಂಗ್ ಸೀಟ್ ಸಿಕ್ತು ಅಂದ ತಕ್ಷಣ ಕಂಪ್ಯೂಟರ್ ಸೈನ್ಸ್ ಸಿಕ್ಕಂಗಲ್ಲ. ಮೊದಲ ವರ್ಷ ಎಲ್ಲರೂ ಒಂದೇ ಹಟ್ಟಿ, ಮಾರ್ಕ್ಸ್ ನೋಡಿ "ಕೋಡಾ" ಅನ್ನೋ ಹಂತದಲ್ಲಿ ಬ್ರಾಂಚ್ ಕೊಡ್ತಾರೆ, ನಮ್ಮ ಕೌನ್ಸೆಲಿಂಗ್ ನೆನಪಿದೆಯಲ್ಲ, ಹೆಚ್ಚುಕಮ್ಮಿ ಅದೇ, ಒಂದು ವರ್ಷ ತಡವಾಗಿ ಬರತ್ತೆ ಅಷ್ಟೇ. ಚಾಪೆಲ್ ಹಿಲ್‌ಗೆ ಅರ್ಲಿ ಆಕ್ಷನ್ (ಮುಂಚೆನೇ ಅರ್ಜಿ ಹಾಕೋ ಸುತ್ತು) ಕಡೇ ದಿನ ಅಕ್ಟೋಬರ್ 15, ಸ್ಟೇಟ್‌ಗೆ ನವೆಂಬರ್ 1, ನವರಾತ್ರಿ ಗಡಿಬಿಡೀಲಿ ಮರೀಬೇಡಿ. ದುಡ್ಡು ಬಿಗಿ ಇದ್ರೆ ಎರಡು ವರ್ಷ ಕಮ್ಯುನಿಟಿ ಕಾಲೇಜು ಮಾಡಿ ಟ್ರಾನ್ಸ್‌ಫರ್ ಆಗಬಹುದು, ರಾಜ್ಯದಲ್ಲಿ ಅದಕ್ಕೆ ಒಪ್ಪಂದವೇ ಇದೆ. ವೆಸ್ಟರ್ನ್ ಕ್ಯಾರೊಲೈನಾ, ಪೆಂಬ್ರೋಕ್, ಎಲಿಜಬೆತ್ ಸಿಟಿ, ಫೆಯೆಟ್‌ವಿಲ್, ಈ ನಾಲ್ಕರಲ್ಲಿ ರಾಜ್ಯದ ಮಕ್ಕಳಿಗೆ ಸೆಮಿಸ್ಟರ್ ಟ್ಯೂಷನ್ 500 ಡಾಲರ್. ನಮ್ಮ ಊಟದ ಸಾಲಲ್ಲಿ ಈ ಹೆಸರುಗಳನ್ನ ಯಾರೂ ಎತ್ತಲ್ಲ, ಅದೊಂದು ನಾಚಿಕೆ ನಮಗೆ.

ಸೆಪ್ಟೆಂಬರ್‌ನಲ್ಲಿ ಸಂಘದ ಕಾಲೇಜ್ ಸಂಜೆ ಇರತ್ತೆ, ಎರಡೂ ಕಡೆ ಓದ್ತಿರೋ ನಮ್ಮ ಮಕ್ಕಳೇ ಬಂದು ಮಾತಾಡ್ತಾರೆ. ನಿಮ್ಮ ವೀಸಾ ಪೇಪರ್ ವಿಷಯ, ಆರ್‌ಡಿಎಸ್ ವಿಷಯ ಏನಿದ್ರೂ ಅಲ್ಲೇ ಕೇಳಿ. ಅಡುಗೆ ಪಟ್ಟೀಲಿ ಹೋದ ಸಲ ಎಂಟು ಮನೆಯವ್ರು ಮೊಸರನ್ನ ಬರ್ಕೊಂಡಿದ್ರು, ಈ ಸಲ ದಯವಿಟ್ಟು ಯಾರಾದ್ರೂ ಪಲ್ಯ ಬರ್ಕೊಳ್ಳಿ.