ಬಾಡಿಗೆ ಮನೆಗೆ ವಿಳಾಸದ ದಾಖಲೆ ಕೊಡುವಾಗ ಏನನ್ನು ಮುಚ್ಚಬೇಕು, ಹೇಗೆ ಮುಚ್ಚಬೇಕು

ಬೆಂಗಳೂರಿನಲ್ಲಿ ಒಮ್ಮೆ ಮನೆ ಬದಲಿಸಿದರೆ ಸಾಕು, ಆಧಾರ್ ನಕಲು ಬ್ರೋಕರ್, ಮನೆ ಮಾಲೀಕರು, ಅಪಾರ್ಟ್‌ಮೆಂಟ್ ಅಸೋಸಿಯೇಷನ್, ಕರಾರು ಟೈಪ್ ಮಾಡುವ ಅಂಗಡಿ, ಗ್ಯಾಸ್ ಏಜೆನ್ಸಿ, ಬ್ರಾಡ್‌ಬ್ಯಾಂಡ್‌ನವರು ಎಲ್ಲರ ಕೈ ಸೇರುತ್ತದೆ. ಇವರಲ್ಲಿ ಹೆಚ್ಚಿನವರು ನೋಡಬೇಕಿರುವುದು ಹೆಸರು, ಫೋಟೊ, ವಿಳಾಸ ಅಷ್ಟೇ. 12 ಅಂಕಿಯ ಸಂಖ್ಯೆಯಿಂದ ನೀವು ಎಲ್ಲಿದ್ದೀರಿ ಎಂಬುದು ಗೊತ್ತಾಗುವುದಿಲ್ಲ.

ಆಧಾರ್ ಕೊಡಲೇಬೇಕಾದರೆ ಮಾಸ್ಕ್ಡ್ ಆಧಾರ್ ಕೊಡಿ. ಮೈಆಧಾರ್ ಪೋರ್ಟಲ್‌ಗೆ ಆಧಾರ್ ಸಂಖ್ಯೆ ಮತ್ತು ನೋಂದಾಯಿತ ಮೊಬೈಲ್‌ಗೆ ಬರುವ ಒಟಿಪಿ ಹಾಕಿ ಲಾಗಿನ್ ಆಗಿ, ‘ಡೌನ್‌ಲೋಡ್ ಆಧಾರ್’ ತೆರೆದು, ಮಾಸ್ಕ್ಡ್ ಆಧಾರ್ ಬೇಕೇ ಎಂದು ಕೇಳುವ ಚೌಕಕ್ಕೆ ಟಿಕ್ ಹಾಕಿ. ಈ ಟಿಕ್ ಮರೆತವರಿಗೆ ಪೂರ್ತಿ ಸಂಖ್ಯೆಯ ಪ್ರತಿಯೇ ಇಳಿಯುತ್ತದೆ. ಟಿಕ್ ಹಾಕಿದರೆ ಮೊದಲ ಎಂಟು ಅಂಕಿ ಮರೆಯಾಗಿ ಕೊನೆಯ ನಾಲ್ಕು ಮಾತ್ರ ಕಾಣುತ್ತವೆ. ಕೆಳಗೆ 16 ಅಂಕಿಯ ವಿಐಡಿ (ಆಧಾರ್ ಸಂಖ್ಯೆಯ ಬದಲಿಗೆ ಬಳಸುವ ವರ್ಚುವಲ್ ಐಡಿ) ಅಚ್ಚಾಗಿದ್ದರೆ ಅದನ್ನೂ ಮುಚ್ಚಿ.

ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಎಂದು ನೆಚ್ಚಿಕೊಳ್ಳಬೇಡಿ. ನಿಮ್ಮ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಆಮೇಲೆ ಹುಟ್ಟಿದ ವರ್ಷ, ಅಷ್ಟೇ ಆ ಪಾಸ್‌ವರ್ಡ್. ಹೆಸರು ಗೊತ್ತಿದ್ದವರು ವರ್ಷವನ್ನು ಒಂದೊಂದಾಗಿ ಹಾಕಿ ನೋಡಿದರೂ ಕೆಲವೇ ನಿಮಿಷದ ಕೆಲಸ.

2022ರ ಮೇ 27ರಂದು ಆಧಾರ್ ನೀಡುವ ಪ್ರಾಧಿಕಾರವಾದ ಯುಐಡಿಎಐನ ಬೆಂಗಳೂರು ಪ್ರಾದೇಶಿಕ ಕಚೇರಿಯೇ ಕಂಡಕಂಡಲ್ಲಿ ಆಧಾರ್ ನಕಲು ಕೊಡಬೇಡಿ, ಮಾಸ್ಕ್ಡ್ ಆಧಾರ್ ಬಳಸಿ ಎಂದು ಪ್ರಕಟಣೆ ಹೊರಡಿಸಿತ್ತು. ಜನ ತಪ್ಪಾಗಿ ಅರ್ಥ ಮಾಡಿಕೊಳ್ಳಬಹುದು ಎಂಬ ಕಾರಣ ಕೊಟ್ಟು ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ಅದನ್ನು ವಾಪಸ್ ಪಡೆಯಿತು. ವಾಪಸಾದದ್ದು ಪ್ರಕಟಣೆ ಮಾತ್ರ, ಸೌಲಭ್ಯ ಅಲ್ಲ. ಬ್ಯಾಂಕಿನಲ್ಲಿ ಕೂಡ, ಆಧಾರ್ ದೃಢೀಕರಣ ಅಗತ್ಯವಿಲ್ಲದ ಕಡೆ ಗ್ರಾಹಕರು ಸಂಖ್ಯೆಯನ್ನು ಮುಚ್ಚಿಯೇ ಕೊಡುವಂತೆ ನೋಡಿಕೊಳ್ಳಬೇಕೆಂದು ಆರ್‌ಬಿಐ ಕೆವೈಸಿ ನಿರ್ದೇಶನದಲ್ಲಿದೆ. ಕೌಂಟರಿನಲ್ಲಿ ತಕರಾರು ಮಾಡಿದರೆ ಇದನ್ನು ಹೇಳಿ.

ಹಳೆಯ ಕಾರ್ಡಿನ ನಕಲಿನಲ್ಲಿ ಕೈಯಾರೆ ಸಂಖ್ಯೆ ಮುಚ್ಚುವವರು ಎಡವುವುದು ಕ್ಯೂಆರ್ ಕೋಡ್‌ನಲ್ಲಿ. 2018ಕ್ಕೂ ಮುಂಚಿನ ಕಾಗದಗಳ ಕ್ಯೂಆರ್‌ನಲ್ಲಿ ಪೂರ್ತಿ ಆಧಾರ್ ಸಂಖ್ಯೆ ಹಾಗೇ ಬರೆದಿರುತ್ತದೆ. ಯಾವುದೇ ಸಾಮಾನ್ಯ ಸ್ಕ್ಯಾನರ್ ಆ್ಯಪ್ ಓದಿಬಿಡುತ್ತದೆ. ಹೊಸ ಕ್ಯೂಆರ್‌ನಲ್ಲಿ ಕೊನೆಯ ನಾಲ್ಕು ಅಂಕಿಯಷ್ಟೇ ಇದ್ದರೂ ಜನ್ಮದಿನಾಂಕ, ವಿಳಾಸ, ಫೋಟೊ ಇರುತ್ತವೆ. ಕೇಳಿದವರು ಸ್ಕ್ಯಾನ್ ಮಾಡಿ ತಾಳೆ ನೋಡುವವರಲ್ಲದಿದ್ದರೆ ಅದನ್ನೂ ಮುಚ್ಚಿ. ಸಂಖ್ಯೆ ಕಾರ್ಡಿನ ಹಿಂಬದಿಯಲ್ಲೂ ಇರುತ್ತದೆ, ಮರೆಯಬೇಡಿ.

ಮುಚ್ಚುವ ವಿಧಾನವೂ ಮುಖ್ಯ. ಫೋನಿನ ಹೈಲೈಟರ್ ಬ್ರಷ್ಷಿನ ಕಪ್ಪು ನೋಟಕ್ಕೆ ಗಟ್ಟಿ, ನಿಜಕ್ಕೆ ಪಾರದರ್ಶಕ. ಬ್ರೈಟ್‌ನೆಸ್ ಏರಿಸಿದರೆ ಅಂಕಿಗಳು ಮೇಲೆ ಬರುತ್ತವೆ. ಪಿಡಿಎಫ್ ಮೇಲೆ ಎಳೆದ ಕಪ್ಪು ಚೌಕದ ಕಥೆ ಇನ್ನೂ ಕೆಟ್ಟದ್ದು: ಅಕ್ಷರ ಅಡಿಯಲ್ಲೇ ಇರುತ್ತದೆ, ಆ ಜಾಗವನ್ನು ಸೆಲೆಕ್ಟ್ ಮಾಡಿ ಕಾಪಿ-ಪೇಸ್ಟ್ ಮಾಡಿದರೆ ಆಯಿತು. ಪುಟವನ್ನು ಸ್ಕ್ರೀನ್‌ಶಾಟ್ ತೆಗೆದು, ಚಿತ್ರದ ಮೇಲೆ ಗಟ್ಟಿ ಬಣ್ಣದ ಚೌಕ ಎಳೆದು, ಮತ್ತೊಮ್ಮೆ ಸ್ಕ್ರೀನ್‌ಶಾಟ್ ತೆಗೆದು ಆ ಎರಡನೆಯದನ್ನು ಕಳಿಸಿ. ಕಾಗದವಾದರೆ ಮಾರ್ಕರ್ ಬಳಿದಷ್ಟಕ್ಕೇ ಬಿಡಬೇಡಿ, ಬೆಳಕಿಗೆ ಹಿಡಿದರೆ ಅಂಕಿ ಕಾಣುವುದುಂಟು. ಬಳಿದದ್ದನ್ನು ಇನ್ನೊಮ್ಮೆ ಜೆರಾಕ್ಸ್ ಮಾಡಿಸಿ ಆ ನಕಲನ್ನು ಕೊಡಿ.

ಜೊತೆಗೆ ವಿಳಾಸದ ಸಾಲುಗಳನ್ನು ಮುಟ್ಟದಂತೆ, ಫೋಟೊದ ಅಂಚಿನ ಮೇಲೆ ಹಾಯುವ ಹಾಗೆ ಓರೆಯಾಗಿ ಬರೆಯಿರಿ: ‘ಜಯನಗರದ ಮನೆಯ ಬಾಡಿಗೆ ಕರಾರಿಗೆ ಮಾತ್ರ’, ಯಾರಿಗೆ ಕೊಡುತ್ತಿದ್ದೀರೋ ಅವರ ಹೆಸರು, ದಿನಾಂಕ, ನಿಮ್ಮ ಸಹಿ. ಖಾಲಿ ಮೂಲೆಯಲ್ಲಿ ಬರೆದರೆ ಕತ್ತರಿಸಿ ಹಾಕುವುದು ಸುಲಭ.

ಆಧಾರ್‌ನಲ್ಲಿ ಊರಿನ ವಿಳಾಸವೇ ಇದ್ದವರು ಬೆಸ್ಕಾಂ ಬಿಲ್ ಮತ್ತು ಬಾಡಿಗೆ ಕರಾರಿನ ಮೊರೆ ಹೋಗಬೇಕಾಗುತ್ತದೆ. ಬಿಲ್ ಸಾಮಾನ್ಯವಾಗಿ ಮಾಲೀಕರ ಹೆಸರಿನಲ್ಲಿರುತ್ತದೆ, ಅಂದರೆ ನೀವು ಹಂಚುತ್ತಿರುವುದು ಅವರ ಮಾಹಿತಿ. ಹಂಚುವ ಮುನ್ನ ಅವರನ್ನು ಒಂದು ಮಾತು ಕೇಳಿ. ಬಿಲ್ಲಿನ ಅಕೌಂಟ್ ಐಡಿ ಸಿಕ್ಕವರಿಗೆ ‘ಇವತ್ತು ರಾತ್ರಿ ಕರೆಂಟ್ ಕಟ್’ ಎಂಬ ಮೋಸದ ಸಂದೇಶವನ್ನು ನಂಬುವಂತೆ ಬರೆಯುವುದು ಸುಲಭವಾಗುತ್ತದೆ, ಅದನ್ನು ಮುಚ್ಚಿ. ಆದರೆ ಬ್ಯಾಂಕಿನವರು ಅದೇ ಸಂಖ್ಯೆಯಿಂದ ಬಿಲ್ ಅಸಲಿಯೇ ಎಂದು ನೋಡುವುದಿದ್ದರೆ ಅಲ್ಲಿ ಮುಚ್ಚಬೇಡಿ. ಬ್ಯಾಂಕಿಗೆ ಕೊಡುವ ಬಿಲ್ ಎರಡು ತಿಂಗಳಿಗಿಂತ ಹಳೆಯದಾಗಿರಬಾರದು.

ಕರಾರಿನಲ್ಲಿ ಅಡ್ವಾನ್ಸ್ ಮೊತ್ತ, ಚೆಕ್ ನಂಬರ್, ಎರಡೂ ಕಡೆಯವರ ಪ್ಯಾನ್, ಆಧಾರ್ ಎಲ್ಲವೂ ಇರುತ್ತವೆ. ಬ್ರಾಡ್‌ಬ್ಯಾಂಡ್‌ನಂಥ ಕೆಲಸಕ್ಕೆ ಮೊದಲ ಪುಟ, ಮನೆಯ ವಿವರದ ಷೆಡ್ಯೂಲ್, ಸಹಿ ಪುಟ ಸಾಕಾಗಬೇಕು. ಇ-ಸ್ಟಾಂಪ್‌ನ ಸರ್ಟಿಫಿಕೇಟ್ ನಂಬರ್ ಮುಚ್ಚಬೇಡಿ, ಕಾಗದ ಅಸಲಿ ಎಂದು ನೋಡುವುದು ಅದರಿಂದಲೇ. ಕರಾರು ಮಾಡಿಸುವಾಗಲೇ ಆಧಾರ್‌ನ ಕೊನೆಯ ನಾಲ್ಕು ಅಂಕಿ ಮಾತ್ರ ಟೈಪ್ ಮಾಡಿ ಎಂದು ಕೇಳಿದರೆ ಮುಂದಿನ ತಲೆನೋವು ಎಷ್ಟೋ ಕಡಿಮೆ.

ಇಷ್ಟೆಲ್ಲ ಮಾಡಿ ಮುಚ್ಚದ ಪಿಡಿಎಫ್ ಅನ್ನೇ ಜೆರಾಕ್ಸ್ ಅಂಗಡಿಯ ವಾಟ್ಸಾಪ್‌ಗೆ ಕಳಿಸುವವರಿದ್ದಾರೆ. ಅಲ್ಲಿ ವಾಟ್ಸಾಪ್ ವೆಬ್‌ನಿಂದ ತೆರೆದ ಫೈಲ್ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಕೂತುಬಿಡುತ್ತದೆ. ನೀವು ‘ಡಿಲೀಟ್ ಫಾರ್ ಎವರಿವನ್’ ಒತ್ತಿದರೆ ಚಾಟ್‌ನಿಂದ ಹೋಗುತ್ತದೆ, ಆ ಫೋಲ್ಡರಿನಿಂದಲ್ಲ. ಮುಚ್ಚಿದ ಪ್ರತಿಯನ್ನೇ ಕಳಿಸಿ. ಪ್ರಿಂಟ್ ಬಂದ ಕೂಡಲೇ ಫೋಲ್ಡರ್ ಮತ್ತು ರೀಸೈಕಲ್ ಬಿನ್ ಎರಡರಿಂದಲೂ ಅಳಿಸಲು ಹೇಳಿ, ಅಳಿಸುವವರೆಗೂ ಅಲ್ಲೇ ನಿಲ್ಲಿ. ಸೊಟ್ಟ ಬಂದ ಪ್ರಿಂಟನ್ನು ಅಲ್ಲಿನ ಬುಟ್ಟಿಗೆ ಹಾಕದೆ ಮನೆಗೆ ತನ್ನಿ.

ಪೂರ್ತಿ ನಕಲು ಈಗಾಗಲೇ ಹಲವರ ಬಳಿ ಇದ್ದರೆ ಮೈಆಧಾರ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ. ಬೆರಳಚ್ಚು ಕೊಡಬೇಕಾದಾಗ ತಾತ್ಕಾಲಿಕವಾಗಿ ತೆರೆಯಬಹುದು. ಕಳೆದ ಆರು ತಿಂಗಳಲ್ಲಿ ನಿಮ್ಮ ಆಧಾರ್ ಎಲ್ಲೆಲ್ಲಿ ದೃಢೀಕರಣವಾಗಿದೆ ಎಂಬ ಪಟ್ಟಿಯೂ ಅಲ್ಲೇ ಸಿಗುತ್ತದೆ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ನೋಡಿ, ನಿಮ್ಮದಲ್ಲದ್ದನ್ನು ಅಲ್ಲೇ ವರದಿ ಮಾಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಆಧಾರ್ ಕುರಿತ ದೂರಿಗೆ 1947.