ಇನ್ಸರ್ಟ್ ಬದಲಿಸುವ ಮೊದಲು ಡೆಂಚರ್ ಒತ್ತಿ ನೋಡಿ

ಹಲ್ಲೇ ಇಲ್ಲದ ಕೆಳದವಡೆಗೆ ಎರಡು ಇಂಪ್ಲಾಂಟ್ (ಎಲುಬಿಗೆ ಕೂರಿಸುವ ಕೃತಕ ಬೇರು) ಆಧಾರದ ಡೆಂಚರ್ (ತೆಗೆದು ಹಾಕುವ ಹಲ್ಲಿನ ಸೆಟ್ಟು) ಮೊದಲ ಆಯ್ಕೆಯಾಗಬೇಕು ಎಂದು 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು ಹೇಳಿದರು. ನಾನೂ ಅದನ್ನೇ ಪಾಲಿಸುತ್ತಾ ಬಂದಿದ್ದೇನೆ. ನನ್ನಲ್ಲಿ ಇಂಪ್ಲಾಂಟ್ ಕೈಕೊಟ್ಟಿದ್ದು ಕಡಿಮೆ. ರೋಗಿಗಳು ಮತ್ತೆ ಮತ್ತೆ ಬರುವುದು ಡೆಂಚರಿನ ಒಳಗಿದ್ದು, ಲೊಕೇಟರ್ (ಇಂಪ್ಲಾಂಟ್ ತಲೆಯ ಲೋಹದ ಗುಂಡಿ) ಮೇಲೆ ಬಿಗಿಯಾಗಿ ಕೂರುವ ಆ ಪುಟ್ಟ ನೈಲಾನ್ ಇನ್ಸರ್ಟ್ ಸವೆದಾಗ.

ಇನ್ಸರ್ಟ್‌ನ ಬಿಗಿ ಬಣ್ಣದಲ್ಲೇ ತಿಳಿಯುತ್ತದೆ: ನೀಲಿ 1.5 ಪೌಂಡ್, ಗುಲಾಬಿ 3, ಬಣ್ಣವಿಲ್ಲದ್ದು 5. ಒಬ್ಬ ಹಿರಿಯ ಮಹಿಳೆಗೆ ಗುಲಾಬಿ ಹಾಕಿ ಕಳಿಸಿದ್ದೆ. ನಾಲ್ಕೇ ತಿಂಗಳಿಗೆ ಬಂದು, "ಡಾಕ್ಟ್ರೇ, ಮಾತಾಡುವಾಗಲೇ ಸೆಟ್ಟು ಎದ್ದು ಬರುತ್ತೆ" ಅಂದರು. ಬಣ್ಣವಿಲ್ಲದ್ದನ್ನು ಹಾಕಿದೆ. ತೆಗೆಯಲು ಪಾಪ ಅವರ ಬೆರಳಿಗೆ ಶಕ್ತಿ ಸಾಲಲಿಲ್ಲ, ಆದರೂ ಅದೂ ಬೇಗನೇ ಸಡಿಲವಾಯಿತು. ಸಡಿಲವಾಯಿತೆಂದರೆ ಇನ್ನೂ ಬಿಗಿಯಾದದ್ದು ಹಾಕುವುದು, ಇದು ನಮ್ಮಲ್ಲಿ ಬಹಳ ಜನ ಮಾಡುವ ತಪ್ಪು. ನಾನೂ ಮಾಡಿದೆ.

ಮೂರನೇ ಸಲ ತೆಗೆದ ಇನ್ಸರ್ಟನ್ನು ಎಸೆಯದೆ ಲೂಪ್ (ದೊಡ್ಡದಾಗಿ ತೋರಿಸುವ ಕನ್ನಡಕ) ಹಾಕಿಕೊಂಡು ನೋಡಿದೆ. ಸುತ್ತಲೂ ಒಂದೇ ಸಮ ಸವೆದಿರಲಿಲ್ಲ. ಒಂದು ಮಗ್ಗುಲಿನ ಗೋಡೆ ಮಾತ್ರ ತೆಳ್ಳಗಾಗಿ, ಅಂಚು ಹೊರಕ್ಕೆ ಮಡಚಿಕೊಂಡಿತ್ತು. ಇಂಪ್ಲಾಂಟ್‌ಗಳು ಓರೆಯಾಗಿದ್ದರೂ ಹೀಗಾಗುತ್ತದೆ. ಒಂದೊಂದರ ಓರೆ 10 ಡಿಗ್ರಿ ದಾಟಿದರೆ ಲೊಕೇಟರ್ ಕುಳಿಗೆ ಇಳಿಯುವ ನಡುವಿನ ಮೊಳೆಯಿಲ್ಲದ ಹಸಿರು, ಕೆಂಪು ಇನ್ಸರ್ಟ್ ಬೇಕು. ಆದರೆ ಇವರ ಇಂಪ್ಲಾಂಟ್‌ಗಳು ನೆಟ್ಟಗೇ ಇದ್ದವು.

ಡೆಂಚರ್ ಬಾಯಲ್ಲಿಟ್ಟು, ಹಿಂದಿನ ದವಡೆಹಲ್ಲಿನ ಮೇಲೆ ಬೆರಳಿನಿಂದ ಒತ್ತಿದೆ. ಮುಂಭಾಗ ಮೇಲೆದ್ದಿತು, ಏತದ ಮರದ ಹಾಗೆ. ಸಿಲಿಕೋನ್ ಪೇಸ್ಟ್ ಹಚ್ಚಿ ಕೂರಿಸಿ ತೆಗೆದಾಗ ಹಿಂದೆ ದಪ್ಪ ಪದರ ನಿಂತಿತ್ತು. ಅಂದರೆ ಹಿಂಭಾಗದ ಎಲುಬು ಕರಗಿ ಡೆಂಚರಿಗೂ ವಸಡಿಗೂ ನಡುವೆ ಸಂದಿ ಬಿದ್ದಿದೆ. ಪ್ರತಿ ತುತ್ತಿಗೂ ಡೆಂಚರ್ ಆ ಎರಡು ಲೊಕೇಟರ್‌ಗಳ ಮೇಲೆ ತೂಗಾಡಿ ನೈಲಾನನ್ನು ಅರೆಯುತ್ತಿದೆ. ಅಲ್ಲಿ ಬೇಕಾಗಿದ್ದದ್ದು ರೀಲೈನ್, ಅಂದರೆ ಡೆಂಚರಿನ ಒಳಮೈಗೆ ಹೊಸ ಪದರ ಕೊಟ್ಟು ಸಂದಿ ತುಂಬುವುದು. ಕೆಲಸ ಮುಗಿಯುವವರೆಗಷ್ಟೇ ಬಳಸುವ ಕಪ್ಪು ಪ್ರಾಸೆಸಿಂಗ್ ಇನ್ಸರ್ಟ್ ಹಾಕಿ, ಡೆಂಚರಿನಲ್ಲೇ ಅಚ್ಚು ತೆಗೆದು ಲ್ಯಾಬಿಗೆ ಕಳಿಸಿದೆ. ಅದು ಬಂದ ಮೇಲೆ ಮತ್ತೆ ಗುಲಾಬಿಯೇ ಸಾಕಾಯಿತು.

ಇನ್ನೊಂದು ವಿಷಯ ಅವತ್ತೇ ಕಣ್ಣಿಗೆ ಬಿತ್ತು. "ಅಮ್ಮಾ, ನೀವೇ ಹಾಕಿಕೊಳ್ಳಿ" ಅಂದೆ. ಸೆಟ್ಟನ್ನು ಬಾಯೊಳಗಿಟ್ಟು ಕಟಕ್ ಅಂತ ಕಚ್ಚಿ ಕೂರಿಸಿದರು. ಓರೆಯಾಗಿ ಕಚ್ಚಿದರೆ ನೈಲಾನಿನ ಅಂಚು ಲೋಹಕ್ಕೆ ಸಿಕ್ಕಿ ಜಜ್ಜಿಹೋಗುತ್ತದೆ. ಎರಡೂ ಕಡೆ ಬೆರಳಿಟ್ಟು ಒಂದೇ ಸಮ ಒತ್ತುವುದನ್ನು, ತೆಗೆಯುವಾಗಲೂ ಎರಡೂ ಬದಿ ಒಟ್ಟಿಗೆ ಎತ್ತುವುದನ್ನು ಕನ್ನಡಿ ಮುಂದೆ ಐದಾರು ಸಲ ಮಾಡಿಸಿದೆ. ಹಾಕಿಕೊಟ್ಟ ದಿನವೇ ಮಾಡಿಸಬೇಕಿತ್ತು.

ಲೊಕೇಟರ್ ನಡುವಿನ ಕುಳಿಯಲ್ಲಿ ಊಟದ ಚೂರು ಸೇರಿ ಗಟ್ಟಿಯಾದರೆ ಇನ್ಸರ್ಟ್ ಪೂರ್ತಿ ಇಳಿಯುವುದಿಲ್ಲ. ರೋಗಿಗೆ ಅದು ಸಡಿಲವಾದಂತೆಯೇ ಅನ್ನಿಸುತ್ತದೆ. ಹಾಗಾಗಿ ಮೆತ್ತನೆ ಬ್ರಷ್‌ನಲ್ಲಿ ಕುಳಿಯನ್ನು ದಿನಾ ಉಜ್ಜಲು ಹೇಳುತ್ತೇನೆ. ಡೆಂಚರಿಗೆ ಟೂತ್‌ಪೇಸ್ಟ್ ಬೇಡ, ಬಿಸಿನೀರೂ ಬೇಡ.

ಕಳೆದ ತಪಾಸಣೆಗೆ ಆ ಅಮ್ಮ ಬಂದಾಗ ಹಿಂದೆ ಒತ್ತಿದರೆ ಡೆಂಚರ್ ಅಲುಗಲಿಲ್ಲ. ಕುಳಿಯನ್ನಷ್ಟೇ ಸ್ವಚ್ಛ ಮಾಡಿ, ಅದೇ ಗುಲಾಬಿ ಇನ್ಸರ್ಟ್ ಬಿಟ್ಟು ಕಳಿಸಿದೆ.