ಬಟ್ಟಲು ಬೇಯಿಸಿದ್ದಕ್ಕೆ ನಕ್ಕವರಿಗೆ

ಹಸಿ ಮರದಲ್ಲಿ ಕಡೆದ ಬಟ್ಟಲು ಒಣಗುವಾಗ ಸೀಳದಿರಲಿ ಅಂತ ಅದನ್ನು ಕುದಿಯುವ ನೀರಿಗೆ ಹಾಕುತ್ತೇನೆ ಅಂದಾಗ, ಮರ ಕಡೆಯುವ ಲೇತ್ ಮುಂದೆಯೇ ತಲೆ ನರೆತವರು ನಕ್ಕಿದ್ದರು. ನೀರು ಆರಿಸಬೇಕಾದ ಮರವನ್ನು ನೀರಿಗೇ ಹಾಕುವುದಾ ಎಂಬುದು ಅವರ ಪ್ರಶ್ನೆ. ಈಗ ಅವರಲ್ಲೇ ಕೆಲವರು ಹಂಡೆ ಎಷ್ಟು ದೊಡ್ಡದಿರಬೇಕು ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ.

ಮೊದಲು ದುಡ್ಡು ಹೋದ ಕಥೆ. ದಿಮ್ಮಿಯ ಕೊಯ್ದ ಮುಖಕ್ಕೆ ಪೇಂಟ್ ಬಳಿದರೆ ಸಾಕು ಅನ್ನುತ್ತಾರೆ. ಹಸಿ ಮುಖಕ್ಕೆ ಪೇಂಟ್ ಸರಿಯಾಗಿ ಕಚ್ಚುವುದಿಲ್ಲ, ಚಕ್ಕೆ ಏಳುತ್ತದೆ, ಅದರಡಿ ಸೀಳು ಆರಾಮವಾಗಿ ಓಡುತ್ತದೆ. ಪ್ಲಾಸ್ಟಿಕ್ ಸುತ್ತಿಟ್ಟರೆ ಬಿರುಕಿಲ್ಲ, ಬೂಷ್ಟು ಬಂತು. ಬಿಳಿ ಭಾಗವೆಲ್ಲ ನೀಲಿಗಪ್ಪು. ಸ್ಪಿರಿಟ್‌ನಲ್ಲಿ ನೆನೆಸಿದ್ದೂ ಆಯಿತು. ಒಂದೇ ದಿಮ್ಮಿಯ ಎರಡು ಬಟ್ಟಲಲ್ಲಿ ಒಂದನ್ನು ನೆನೆಸಿ ಒಂದನ್ನು ಹಾಗೇ ಬಿಟ್ಟೆ. ಎರಡೂ ಒಂದೇ ಥರ ಸೀಳಿದವು, ಸ್ಪಿರಿಟ್ ಅರ್ಧ ಗಾಳಿಗೆ ಹೋಯಿತು. ಪಾಲಿಇಥಿಲೀನ್ ಗ್ಲೈಕಾಲ್, ಅಂದರೆ ಮರದೊಳಗೆ ನೀರಿನ ಜಾಗದಲ್ಲಿ ಕೂತು ಕುಗ್ಗದಂತೆ ತಡೆಯುವ ಮೇಣದಂಥ ರಾಸಾಯನಿಕ, ಅದು ಮಾತ್ರ ನಿಜಕ್ಕೂ ಕೆಲಸ ಮಾಡುತ್ತದೆ. 1961ರಲ್ಲಿ ಸಮುದ್ರದಿಂದ ಎತ್ತಿದ ಸ್ವೀಡನ್ನಿನ ವಾಸಾ ಹಡಗಿಗೆ 17 ವರ್ಷ ಸಿಂಪಡಿಸಿದ್ದು ಅದನ್ನೇ. ಆದರೆ ಒಂದು ಬಟ್ಟಲಿಗೆ ತಗಲುವ ಖರ್ಚು ಬಟ್ಟಲು ಮಾರಿದರೂ ಹುಟ್ಟುವುದಿಲ್ಲ. ಮೇಲೆ ಪಾಲಿಶ್ ಕೂಡ ನಿಲ್ಲುವುದಿಲ್ಲ, ಅಂಟಂಟು. ಒಟ್ಟಿನಲ್ಲಿ ಆಗ ಕಡೆದದ್ದರಲ್ಲಿ ಅರ್ಧಕ್ಕರ್ಧ ಸೌದೆಯಾಯಿತು.

ಈಗ ಮಾಡುವುದು ಹೀಗೆ. ದಿಮ್ಮಿಯನ್ನು ಅದರ ಅಡ್ಡಳತೆಗಿಂತ ನಾಲ್ಕೈದು ಇಂಚು ಉದ್ದವಾಗಿಯೇ ಇಟ್ಟುಕೊಳ್ಳುತ್ತೇನೆ. ತುದಿ ಸೀಳಿದರೂ ಕತ್ತರಿಸಿ ಬಿಸಾಡಬಹುದು. ಕಡಿದ ದಿನವೇ ಉದ್ದಕ್ಕೆ ಸೀಳಿ ನಡುವಿನ ತಿರುಳನ್ನು ಒಂದೆರಡು ಇಂಚು ಹಲಗೆಯಾಗಿ ತೆಗೆದುಬಿಡಬೇಕು. ಒಣಗುವಾಗ ಮರ ಉಂಗುರದ ಸುತ್ತ ಕುಗ್ಗುವುದು ತಿರುಳಿಂದ ತೊಗಟೆಯ ಕಡೆಗೆ ಕುಗ್ಗುವುದಕ್ಕಿಂತ ಸುಮಾರು ಎರಡರಷ್ಟು, ಆ ಎಳೆತಕ್ಕೇ ಸೀಳು. ತಿರುಳು ಒಳಗಿದ್ದರೆ ಯಾವ ಮದ್ದೂ ನಾಟುವುದಿಲ್ಲ. ಕೊಯ್ದ ಮುಖಕ್ಕೆ ಕರಗಿಸಿದ ಮೇಣ. ಅದರಲ್ಲಿ ಇನ್ನೊಂದು ಬೆರೆಸುತ್ತೇನೆ, ಬಿರಿದು ಉದುರದಿರಲಿ ಅಂತ. ಅದೇನು ಅಂತ ಈಗ ಕೇಳಬೇಡಿ.

ಆಮೇಲೆ ತಡಮಾಡದೆ ಒರಟಾಗಿ ಕಡೆಯುವುದು. ಗೋಡೆಯ ದಪ್ಪ ಬಟ್ಟಲಿನ ಅಡ್ಡಳತೆಯ ಹತ್ತರಲ್ಲೊಂದು: ಹತ್ತಿಂಚಿಗೆ ಒಂದಿಂಚು. ತಳ ಗೋಡೆಗಿಂತ ದಪ್ಪವಾದರೆ ಅಲ್ಲೇ ಸೀಳು ಕಾಯುತ್ತಿರುತ್ತದೆ.

ಇನ್ನು ಕುದಿಸುವುದು. ಸ್ಟೀಲ್ ಪಾತ್ರೆಯೇ ಆಗಬೇಕು. ಕಬ್ಬಿಣದ್ದರಲ್ಲಿ ಒಗರಿನ ಮರ ಮಸಿಯಂತೆ ಕಪ್ಪಾಗುತ್ತದೆ. ಬಟ್ಟಲು ತೇಲದಂತೆ ಮೇಲೆ ಭಾರ ಇಡಿ. ನೀರು ಮತ್ತೆ ಕುದಿ ಬಂದ ಮೇಲೆ ಗೋಡೆಯ ದಪ್ಪದ ಇಂಚಿಗೆ ಒಂದು ತಾಸು ಲೆಕ್ಕ. ನಾನು ಸ್ವಲ್ಪ ಹೆಚ್ಚೇ ಬಿಡುತ್ತೇನೆ. ನೀರು ಚಹಾ ಬಣ್ಣಕ್ಕೆ ತಿರುಗುತ್ತದೆ, ಮರದ ಬಣ್ಣವೂ ತುಸು ಇಳಿಯುತ್ತದೆ. ಆ ನಷ್ಟ ಒಪ್ಪಿಕೊಳ್ಳಬೇಕು. ಒಲೆ ಆರಿಸಿ ಅದೇ ನೀರಲ್ಲಿ ತಣಿಯಲು ಬಿಡಿ. ಬಿಸಿಬಿಸಿಯಾಗಿ ಗಾಳಿಗೆ ತೆಗೆದರೆ ಮಾಡಿದ್ದೆಲ್ಲ ವ್ಯರ್ಥ. ತಣಿದ ಮೇಲೆ ಹೊರಮೈಗೂ ಅಂಚಿಗೂ ಮೇಣ ಸವರಿ, ಒಳಮೈ ಬರಿದಾಗಿ ಬಿಟ್ಟು ಕಾಗದದ ಚೀಲಕ್ಕೆ. ಮೊದಲ ವಾರ ಚೀಲದ ಬಾಯಿ ಮುಚ್ಚಿರಲಿ.

ವಾರಕ್ಕೊಮ್ಮೆ ತೂಕ ಮಾಡಿ ತಳದಲ್ಲೇ ಪೆನ್ಸಿಲ್‌ನಿಂದ ಬರೆಯುತ್ತೇನೆ. ತೂಕ ನಿಂತರೆ ಒಣಗಿತು. ಬೇಯಿಸದೆ ಆರೆಂಟು ತಿಂಗಳು ಹಿಡಿಯುತ್ತಿದ್ದದ್ದು ಈಗ ಎರಡು ತಿಂಗಳ ಆಸುಪಾಸು. ಹತ್ತಕ್ಕೆ ಒಂದು ಹೋದರೆ ಹೆಚ್ಚು. ಮೊಟ್ಟೆಯಾಕಾರಕ್ಕೆ ಸೊಟ್ಟಗಾಗುತ್ತವೆ, ಒಣಗಿದ ಮೇಲೆ ಮತ್ತೆ ಗುಂಡಗೆ ಕಡೆಯಲೆಂದೇ ಅಲ್ಲವೇ ಅಷ್ಟು ದಪ್ಪ ಬಿಟ್ಟಿದ್ದು.

ನಡುವೆ ಮೈಕ್ರೋವೇವ್ ಹುಚ್ಚೂ ಹಿಡಿದಿತ್ತು. ಕಡಿಮೆ ಶಾಖದಲ್ಲಿ ಒಂದೆರಡು ನಿಮಿಷ, ಪೂರ್ತಿ ತಣಿಯಲು ಬಿಡುವುದು, ಮತ್ತೆ ಅದೇ. ಅಂಗೈಯಗಲದ ಬಟ್ಟಲಾದರೆ ಒಂದೇ ದಿನದಲ್ಲಿ ಒಣಗುತ್ತದೆ. ಅದಕ್ಕಿಂತ ದೊಡ್ಡದರಲ್ಲಿ ಒಳಗಿಂದ ಸುಟ್ಟ ವಾಸನೆ ಬರುತ್ತದೆ, ಹೊರಗೆ ಏನೂ ಕಾಣುವುದಿಲ್ಲ.

ಕವಲಿನ ಮರಕ್ಕೆ ಮಾತ್ರ ಕುದಿಸುವುದೂ ಸಾಲದು. ಎರಡು ಕೊಂಬೆ ಕೂಡುವಲ್ಲಿ ನೂಲು ಎರಡು ದಿಕ್ಕಿಗೆ ಎಳೆಯುತ್ತದೆ. ಅಂಥದ್ದನ್ನು ಹಸಿಯಲ್ಲೇ ಕಾಲಿಂಚಿಗಿಂತ ತೆಳ್ಳಗೆ, ಒಂದೇ ಪಟ್ಟಿಗೆ ಕಡೆದು ಮುಗಿಸುತ್ತೇನೆ. ಅದು ಬೇಕಾದ ಹಾಗೆ ಸೊಟ್ಟಗಾಗಲಿ, ಸೀಳುವುದು ಅಪರೂಪ. ಮತ್ತು ಸೊಟ್ಟ ಬಟ್ಟಲಿಗೇ ಗಿರಾಕಿಗಳು ಹೆಚ್ಚು ಕೊಡುತ್ತಾರೆ.